ಮಣೆಯ ಮೇಲಿನ ಬೂದುಗುಂಬಳ

ನಾನಿದ್ದ ಊರಿಗೆ ಹೆಸರಿರಲಿಲ್ಲ. ಒಂದು ಹೆಸರಿಡೋಣವೆಂದು ಹಿರಿಯರು ಒಮ್ಮೆ ಕಟ್ಟೆಯ ಮೇಲೆ ಸೇರಿದ್ದರಂತೆ. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಎಲ್ಲರೂ ಎದ್ದು ಹೋದರು. ಹೆಸರು ಅಲ್ಲೇ ಉಳಿಯಿತು.

ಆ ಊರಲ್ಲಿ ಊಟದ ಗಂಟೆಗಿಂತ ದೊಡ್ಡದು ಇನ್ನೊಂದಿರಲಿಲ್ಲ. ಸಂಜೆ ಗಂಟೆಯಮ್ಮ ಮೂರು ಸಲ ಹೊಡೆಯುತ್ತಿದ್ದಳು. ಮೊದಲ ಹೊಡೆತಕ್ಕೆ ಕೈಕಾಲು ತೊಳೆಯಬೇಕು. ಎರಡನೆಯ ಹೊಡೆತಕ್ಕೆ ಎಲೆ ಹಾಕಬೇಕು. ಮೂರನೆಯ ಹೊಡೆತಕ್ಕೆ ಮನೆಯವರೆಲ್ಲ ಅವರವರ ಮಣೆಯ ಮೇಲೆ ಕೂತಿರಬೇಕು. ಯಾವ ಮನೆಯಲ್ಲೂ ಒಂದು ಮಣೆಯೂ ಖಾಲಿ ಇರಬಾರದು. ಯಾರಾದರೂ ಬರದೆ ಹೋದರೆ ಅವರ ಮಣೆಯ ಮೇಲೆ ಒಂದು ತರಕಾರಿ ಕೂರಿಸಿ, ಅದಕ್ಕೆ ಅವರ ರುಮಾಲೋ ಸೆರಗೋ ಸುತ್ತಿ, ಎಲೆ ಹಾಕಿ ಬಡಿಸಿ, ಅವರೊಂದಿಗೆ ಆಡುವ ಮಾತನ್ನೇ ಅದರೊಂದಿಗೆ ಆಡಬೇಕು. ಕೂರಿಸಿದ ತರಕಾರಿ ಕೊಳೆಯುವ ತನಕ ಆ ಮಣೆಗೆ ಬೇರೆಯದನ್ನು ಕೂರಿಸುವಂತಿಲ್ಲ. ಇದು ನಿಯಮ.

ನಿಯಮಕ್ಕೊಂದು ಬಾಲವೂ ಇತ್ತು. ಅದೇ ತರಕಾರಿ ನೂರು ಸಂಜೆ ಒಂದೇ ಸಮನೆ ಕೂತರೆ ಮಣೆ ಅದರದು. ಮಣೆ ಅದರದಾದರೆ ಹೆಸರೂ ಅದರದು, ಯಜಮಾನಿಕೆಯೂ ಅದರದು. ಮಣೆ ಕಳೆದುಕೊಂಡವನು ತನ್ನ ಮನೆಗೆ ತಾನೇ ನೆಂಟ. ನೆಂಟನಿಗೆ ಮೂರು ದಿನ ಹೋಳಿಗೆ. ನಾಲ್ಕನೆಯ ದಿನ, "ಮತ್ತೆ, ಹೊರಡೋದು ಯಾವಾಗ?"

ಹಾಗೆ ಮಣೆ ಕಳೆದುಕೊಂಡವರು ಊರಲ್ಲಿ ಯಾರೂ ಇರಲಿಲ್ಲ. ಯಾಕೆಂದರೆ ಜನ ಬದನೆಕಾಯಿ ಕೂರಿಸುತ್ತಿದ್ದರು, ಸೌತೆಕಾಯಿ ಕೂರಿಸುತ್ತಿದ್ದರು. ಬದನೆ ನಾಲ್ಕು ದಿನಕ್ಕೆ ಸುಕ್ಕಾಗುತ್ತಿತ್ತು. ಸೌತೆ ಎಂಟು ದಿನಕ್ಕೆ ಮೆತ್ತಗಾಗುತ್ತಿತ್ತು. ಹೋದವನು ಅಷ್ಟರಲ್ಲಿ ಬರುತ್ತಿದ್ದ.

ಇನ್ನು ನನ್ನ ವಿಷಯ. ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ಹೇಳುತ್ತೇನೆ. ಬಾಗಿಲುಗಳ ಕಿರ್ರ್ ಸದ್ದು ತೆಗೆಯುವುದು ನನ್ನ ಕಸುಬು. ಹರಳೆಣ್ಣೆಯ ಗಿಂಡಿ ಹಿಡಿದು ನಾನು ಬೀದಿಗಿಳಿದರೆ ಅರ್ಧ ಬಾಗಿಲುಗಳು ಹೆದರಿ ತಾವಾಗಿಯೇ ಸುಮ್ಮನಾಗುತ್ತಿದ್ದವು. ಒಂದು ಮನೆಯ ಬಾಗಿಲಿಗೆ ನಾನು ಎಷ್ಟು ಚೆನ್ನಾಗಿ ಎಣ್ಣೆ ಬಿಟ್ಟೆನೆಂದರೆ, ಅದು ತೆರೆದದ್ದು ಯಾರಿಗೂ ತಿಳಿಯದೆ ಆ ಮನೆಯವರು ಮೂರು ದಿನ ಒಳಗೇ ಕೂತಿದ್ದರು. ಊರಲ್ಲಿ ನಲವತ್ತು ಬಾಗಿಲು. ವಾರಕ್ಕೆ ನಾಲ್ಕು ಸೇರು ರಾಗಿ. ಮಧ್ಯಾಹ್ನ ಮನೆಯಲ್ಲಿ ಊಟ, ಊಟದ ಮೇಲೆ ಒಂದು ನಿದ್ದೆ, ನಿದ್ದೆಯ ಮೇಲೆ ಇನ್ನೊಂದು.

ಒಂದು ದಿನ ಕೋಟೆಯ ಮೇಸ್ತ್ರಿ ಬಂದ. ಮೀಸೆ ಮೊದಲು ಬಂತು, ಹಿಂದಿನಿಂದ ಅವನು ಬಂದ.

"ಯಜಮಾನ್ರೇ, ನಮ್ಮ ಕೋಟೆಗೆ ಸಾವಿರ ಬಾಗಿಲು. ಸಾವಿರವೂ ಕಿರುಚ್ತವೆ. ರಾಜರು ನಿದ್ದೆ ಮಾಡಿ ವರ್ಷ ಆಯ್ತು. ಸಾವಿರ ಬಾಗಿಲಿನ ಗುತ್ತಿಗೆ ನಿಮಗೇ. ವಾರಕ್ಕೆ ಹನ್ನೆರಡು ಸೇರು!"

ನಾನು ಹನ್ನೆರಡು ಎಂಬ ಸಂಖ್ಯೆಯನ್ನು ಅಲ್ಲಿಯವರೆಗೆ ಬೇರೆಯವರ ಬಾಯಲ್ಲಿ ಮಾತ್ರ ಕೇಳಿದ್ದೆ.

"ಷರತ್ತು ಎರಡೇ," ಎಂದ ಮೇಸ್ತ್ರಿ. "ಆರು ಸೇರು ವಾರವಾರ ಕೈಗೆ. ಇನ್ನಾರು ನಮ್ಮ ಕಣಜದಲ್ಲಿ ಇರ್ತದೆ, ಸಾವಿರನೇ ಬಾಗಿಲು ಮುಗಿದ ದಿನ ಒಟ್ಟಿಗೆ ತಗೊಂಡು ಹೋಗಿ. ಮಧ್ಯದಲ್ಲಿ ಒಂದೇ ಒಂದು ದಿನ ತಪ್ಪಿಸಿದ್ರೂ, ಹೊತ್ತಿಗೆ ಮುಂಚೆ ಎದ್ದು ಹೋದ್ರೂ ಕಣಜದ್ದು ಕಣಜಕ್ಕೇ."

"ಉಳಿಯೋಕೆ ಅಲ್ಲೇ ಒಂದು ಜಾಗ?"

"ಅದು ಮಾತ್ರ ಕೇಳಬೇಡಿ. ರಾಜರಿಗೆ ಬೇರೆಯವರ ಗೊರಕೆ ಆಗಲ್ಲ. ದಿನಾ ಬಂದು ದಿನಾ ಹೋಗಬೇಕು."

ಕೋಟೆಯ ದಾರಿ ಹೇಳುತ್ತೇನೆ ಕೇಳಿ. ಗುಡ್ಡ ಹತ್ತಬೇಕು, ಗುಡ್ಡ ಇಳಿಯಬೇಕು. ಹರಿಗೋಲು ಹತ್ತಬೇಕು, ಹರಿಗೋಲು ಇಳಿಯಬೇಕು. ಎಮ್ಮೆಗಾಡಿ ಹತ್ತಬೇಕು, ಎಮ್ಮೆಗಾಡಿ ಇಳಿಯಬೇಕು. ಬರುವಾಗ ಎಮ್ಮೆಗಾಡಿ ಹತ್ತಬೇಕು, ಎಮ್ಮೆಗಾಡಿ ಇಳಿಯಬೇಕು. ಹರಿಗೋಲು ಹತ್ತಬೇಕು, ಹರಿಗೋಲು ಇಳಿಯಬೇಕು. ಗುಡ್ಡ ಹತ್ತಬೇಕು, ಗುಡ್ಡ ಇಳಿಯಬೇಕು. ಓದುವಾಗಲೇ ಕಾಲು ನೋಯುತ್ತದೆ, ಅಲ್ಲವೇ?

ನಮ್ಮ ಊರಲ್ಲಿ ದೊಡ್ಡ ಮಾತನ್ನೆಲ್ಲ ತಕ್ಕಡಿಯಲ್ಲಿ ತೂಗಿಯೇ ತೀರ್ಮಾನಿಸುವುದು. ಒಂದು ತಟ್ಟೆಯಲ್ಲಿ ಸಂಬಳ, ಇನ್ನೊಂದು ತಟ್ಟೆಯಲ್ಲಿ ದಾರಿ. ದಾರಿಯನ್ನು ಹೇಗೆ ತೂಗುವುದು? ಸುಲಭ. ನಾನು ಒಂದು ಸಲ ಕೋಟೆಯವರೆಗೆ ನಡೆದು, ಅಲ್ಲಿ ಚಪ್ಪಲಿ ಕೊಡವಿ, ಉದುರಿದ ದೂಳನ್ನು ಚೀಲದಲ್ಲಿ ಕಟ್ಟಿ ತಂದೆ. ತಕ್ಕಡಿಯವನು ಒಂದು ಕಡೆ ಹನ್ನೆರಡು ಸೇರು ರಾಗಿ ಸುರಿದ. ಇನ್ನೊಂದು ಕಡೆ ದೂಳು ಸುರಿದ. ರಾಗಿಯ ತಟ್ಟೆ ದಢಾರೆಂದು ನೆಲಕ್ಕೆ ಕೂತಿತು. ದೂಳಿನ ತಟ್ಟೆ ಮೇಲಕ್ಕೆ ಹಾರಿತು. ದೂಳೆಲ್ಲ ತಕ್ಕಡಿಯವನ ಕಣ್ಣಿಗೆ ಹೋಯಿತು.

"ಇಷ್ಟು ಹಗುರವಾದ ದಾರಿಯನ್ನ ನಾನು ನೋಡೇ ಇಲ್ಲ," ಎಂದ ಅವನು, ಕಣ್ಣುಜ್ಜಿಕೊಳ್ಳುತ್ತ.

ನನ್ನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಅಲ್ಲಣ್ಣಾ, ಇದು ಹೋಗುವಾಗಿನ ದೂಳು. ಬರುವಾಗಿನದು?"

"ಬರೋದು ಮನೆಗೆ ತಾನೇ, ತಾಯಿ? ಮನೆಗೆ ಬರೋದನ್ನ ಯಾರಾದ್ರೂ ಲೆಕ್ಕಕ್ಕೆ ಹಿಡೀತಾರಾ?"

ಸುತ್ತ ನಿಂತವರೆಲ್ಲ ಹೌದೌದೆಂದರು. ನಾನು ಎಲ್ಲರಿಗಿಂತ ಜೋರಾಗಿ ಹೌದೆಂದೆ.

ಆ ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು. "ಹಾಗಾದ್ರೆ ನಾಳೆಯಿಂದ ನಿಮ್ಮ ಮಣೆ ಮೇಲೆ ಏನು ಕೂರಿಸ್ಲಿ? ಒಂದು ಸೌತೆಕಾಯಿ ಇದೆ."

"ಸೌತೆಕಾಯಿ!" ನನಗೆ ನಿಜವಾಗಿಯೂ ಬೇಜಾರಾಯಿತು. "ಹನ್ನೆರಡು ಸೇರಿನ ಗಂಡಸಿಗೆ ಸೌತೆಕಾಯಿನಾ? ನನ್ನ ಮೈಕಟ್ಟೇನು, ನನ್ನ ಗಾಂಭೀರ್ಯವೇನು! ಅಟ್ಟದ ಮೇಲೆ ಬೂದುಗುಂಬಳ ಇದೆಯಲ್ಲ, ಅದನ್ನ ಕೂರಿಸು."

ಅತ್ತೆಯವರು ನಮ್ಮ ಜೊತೆಗೇ ಇದ್ದರು. ಅವರು ಬಾಯಿಗಿಟ್ಟ ತುತ್ತನ್ನು ಹಾಗೇ ತಡೆದು, "ಅಳಿಯಂದಿರೇ, ಬೂದುಗುಂಬಳ ಬೇಗ..." ಎಂದು ಏನೋ ಹೇಳಹೊರಟರು.

"ನೀವು ಸುಮ್ಮನಿರಿ ಅತ್ತೆ. ತರಕಾರಿ ಅಂದ್ಮೇಲೆ ಕೊಳೀಲೇಬೇಕು. ಹತ್ತು ದಿನ ಇದ್ರೆ ಹೆಚ್ಚು."

ಅವರು ತುತ್ತು ನುಂಗಿ ಸುಮ್ಮನಾದರು.

ಮೊದಲ ದಿನ ಕೋಟೆಯಲ್ಲಿ ಎಂಟು ಬಾಗಿಲು ಮುಗಿಸಿದೆ. ನಾನು ಎಣ್ಣೆ ಬಿಟ್ಟ ಬಾಗಿಲನ್ನು ತಳ್ಳಿದ ಸೇವಕನೊಬ್ಬ, ಸದ್ದು ಬಾರದ್ದರಿಂದ ತನಗೆ ಕಿವುಡಾಯಿತೆಂದು ಅತ್ತೇಬಿಟ್ಟ. ಅಷ್ಟು ಚೆನ್ನಾಗಿತ್ತು ಕೆಲಸ. ಆದರೆ ಬರುವಾಗ ಎಮ್ಮೆ ದಾರಿಯ ಹೊಂಡದಲ್ಲಿ ಮಲಗಿತು, ನಾವೂ ಕಾದೆವು. ಹರಿಗೋಲು ಮೂರು ಸುತ್ತು ತಿರುಗಿ ಒಂದು ಮಾರು ಮುಂದೆ ಹೋಗುವಂಥದ್ದು. ಒಳಗೆ ಎಷ್ಟು ಜನ ತುಂಬಿದ್ದರೆಂದರೆ ನಾನು ನಿಂತದ್ದು ಎರಡು ಕಾಲಿನ ಮೇಲೆ, ಒಂದು ನನ್ನದು, ಇನ್ನೊಂದು ಯಾರದೋ. ಗುಡ್ಡ ಇಳಿದು ಮನೆ ಸೇರುವಾಗ ಮೂರನೆಯ ಗಂಟೆ ಹೊಡೆದು ಎಷ್ಟೋ ಹೊತ್ತಾಗಿತ್ತು.

ನಡುಮನೆಯಲ್ಲಿ ಬೂದುಗುಂಬಳ ನನ್ನ ಮಣೆಯ ಮೇಲೆ ಕೂತಿತ್ತು. ತಲೆಗೆ ನನ್ನ ರುಮಾಲು. ಹೆಂಡತಿ ಅದಕ್ಕೆ, "ರೀ, ಇನ್ನೊಂದು ಸ್ವಲ್ಪ ಅನ್ನ ಹಾಕ್ಲಾ?" ಎನ್ನುತ್ತಿದ್ದಳು. ನನ್ನ ಮಗಳು ಬಾಯಿಗೆ ಅಂಗೈ ಒತ್ತಿಕೊಂಡು ನಗುತ್ತಿದ್ದಳು. ನಾನೂ ಹೊಟ್ಟೆ ಹಿಡಿದು ನಕ್ಕೆ. ಮೂರನೆಯ ಹೊಡೆತಕ್ಕೆ ಕೂತಿದ್ದ ಕಾಯನ್ನು ಬೆಳಗಿನವರೆಗೆ ಎಬ್ಬಿಸುವ ಹಾಗಿರಲಿಲ್ಲ. ಅದರ ಎಲೆಗೆ ಬಡಿಸಿದ್ದನ್ನು ಅಡುಗೆಮನೆಗೆ ತಂದುಕೊಟ್ಟರು. ಒಲೆಯ ಪಕ್ಕ ನಿಂತುಕೊಂಡೇ ತಿಂದೆ. ಅರ್ಧ ನಿದ್ದೆಯಲ್ಲಿ ತಿಂದೆ.

ಹೀಗೆ ದಿನ ಹೋಯಿತು. ಗುಡ್ಡ ಹತ್ತಿದೆ, ಗುಡ್ಡ ಇಳಿದೆ. ಹರಿಗೋಲು ಹತ್ತಿದೆ, ಹರಿಗೋಲು ಇಳಿದೆ. ಕುಂಬಳ ಕೂತಿತ್ತು. ಎಮ್ಮೆಗಾಡಿ ಹತ್ತಿದೆ, ಎಮ್ಮೆಗಾಡಿ ಇಳಿದೆ. ಕುಂಬಳ ಕೂತೇ ಇತ್ತು.

ಹತ್ತು ದಿನವಾಯಿತು. ಇಪ್ಪತ್ತಾಯಿತು. ದಿನಾ ಬಂದವನೇ ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದೆ. ಮೆತ್ತಗಾದದ್ದು ನನ್ನ ಹೆಬ್ಬೆರಳು.

"ಅತ್ತೆ, ಇದು ಯಾಕೆ ಕೊಳೀತಾ ಇಲ್ಲ?"

"ಆವತ್ತು ಅದನ್ನೇ ಹೇಳೋಕೆ ಹೊರಟಿದ್ದೆ, ಅಳಿಯಂದಿರೇ. ಬೂದುಗುಂಬಳ ಬೇಗ ಕೊಳೆಯಲ್ಲ. ವರ್ಷ ಇರ್ತದೆ. ನೀವು ಸುಮ್ಮನಿರಿ ಅಂದ್ರಿ, ನಾನು ಸುಮ್ಮನಿದ್ದೆ."

ಅಷ್ಟು ಹೊತ್ತಿಗೆ ಕುಂಬಳಕ್ಕೆ ಮನೆಯಲ್ಲಿ ಮರ್ಯಾದೆ ಶುರುವಾಗಿತ್ತು. ಅತ್ತೆ ತಮ್ಮ ಮಂಡಿನೋವಿನ ಕತೆಯನ್ನು ಅದಕ್ಕೆ ಮೊದಲಿನಿಂದ ಕೊನೆಯವರೆಗೆ ಹೇಳಿದರು. ನನಗೆ ಮದುವೆಯಾಗಿ ಹದಿನಾಲ್ಕು ವರ್ಷ, ಆ ಕತೆಯ ಕೊನೆ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಮಗಳು ಅದರ ಮುಂದೆ ಕೂತು ತನ್ನ ಹಾಡುಗಳನ್ನೆಲ್ಲ ಹಾಡಿದಳು. ಪಕ್ಕದ ಮನೆಯವರಿಬ್ಬರು ಹಿತ್ತಲ ಬೇಲಿಯ ಜಗಳ ತಂದರು. ಕುಂಬಳ ಇಬ್ಬರ ಮಾತನ್ನೂ ಕೇಳಿತು, ಯಾರ ಪರವೂ ಮಾತಾಡಲಿಲ್ಲ. ಇಂಥ ನ್ಯಾಯ ಎಲ್ಲೂ ಸಿಗದೆಂದು ಅವರು ತಬ್ಬಿಕೊಂಡು ಹೋದರು.

"ನಿಮ್ಮ ಯಜಮಾನ್ರು ಈಗ ಎಷ್ಟು ಸುಧಾರಿಸಿದ್ದಾರೆ!" ಎಂದು ಊರವರು ನನ್ನ ಹೆಂಡತಿಗೆ ಹೇಳುತ್ತಿದ್ದರಂತೆ.

ಸಂಬಳದ ಕತೆ ಕೇಳಿ. ವಾರಕ್ಕೆ ಕೈಗೆ ಬರುವ ಆರು ಸೇರಿನಲ್ಲಿ ಹರಿಗೋಲಿನವನಿಗೆ ಒಂದು, ಗಾಡಿಯವನಿಗೆ ಒಂದು, ಚಪ್ಪಲಿ ಹೊಲಿಯುವವನಿಗೆ ಒಂದು. ಉಳಿದದ್ದು ಮೂರು. ಮನೆಯಲ್ಲೇ ಇದ್ದಾಗ ನಾಲ್ಕು ಬರುತ್ತಿತ್ತೆಂದು ನಾನು ಯಾರಿಗೂ ನೆನಪಿಸಲಿಲ್ಲ. ಆ ಮೂರರಲ್ಲೇ ಉಳಿಸಿ ಕುಂಬಳಕ್ಕೊಂದು ಜರಿ ರುಮಾಲು ತಂದರು, ಉರುಳದಿರಲೆಂದು ಒಂದು ಮೆತ್ತನೆಯ ಸಿಂಬಿ ಹೊಲಿಸಿದರು. ನಾನು ದುಡಿದದ್ದು ಅದರ ತಲೆಗೆ ಹೋಯಿತು, ನಾನು ನಡೆದದ್ದು ನನ್ನ ಕಾಲಿಗೆ ಉಳಿಯಿತು.

ಆದರೂ ನಾನು ಹೋಗುತ್ತಲೇ ಇದ್ದೆ. ಕಣಜದಲ್ಲಿ ನನ್ನ ಪಾಲು ಬೆಳೆಯುತ್ತಿತ್ತಲ್ಲ! ಹರಿಗೋಲಿನಲ್ಲಿ ಸುತ್ತುವಾಗ ಅದನ್ನೇ ಎಣಿಸುತ್ತಿದ್ದೆ. ತಲೆ ಸುತ್ತಿ ಎಣಿಕೆ ತಪ್ಪುತ್ತಿತ್ತು, ಮತ್ತೆ ಮೊದಲಿನಿಂದ ಎಣಿಸುತ್ತಿದ್ದೆ.

ಒಂದು ಸಂಜೆ ಗಂಟೆಯಮ್ಮ ನಮ್ಮ ಜಗುಲಿಯ ಮೇಲೆ ಕಾದು ಕೂತಿದ್ದಳು. ಅವಳ ಪಕ್ಕದಲ್ಲಿ ಜಾಗಟೆ.

"ತೊಂಬತ್ತೊಂಬತ್ತು ಕಣಪ್ಪಾ," ಎಂದಳು. "ನಾಳೆ ನೂರು. ನೂರನೇ ಸಂಜೆಯ ಮೂರನೇ ಹೊಡೆತಾನ ನಿಮ್ಮ ನಡುಮನೆಯಲ್ಲೇ ಹೊಡೀಬೇಕು, ನಿಯಮ. ನನ್ನ ಕಾಲದಲ್ಲಿ ಇದೇ ಮೊದಲು. ಜಾಗಟೆಗೆ ಹುಣಸೆಹಣ್ಣು ಹಾಕಿ ಉಜ್ಜಿಟ್ಟಿದ್ದೀನಿ ನೋಡು, ಸಂತೋಷಕ್ಕೆ."

"ಅಮ್ಮಾ, ಅದು ಕುಂಬಳಕಾಯಿ!"

"ಇರಬಹುದು. ಆದ್ರೆ ಹೊತ್ತಿಗೆ ಸರಿಯಾಗಿ ಬರ್ತದೆ."

ಒಳಗೆ ಹೋದೆ. ಹೆಂಡತಿ ಜರಿ ರುಮಾಲನ್ನು ಮಡಿಸುತ್ತಿದ್ದಳು.

"ನಾಳೆ ನೂರಂತೆ," ಎಂದೆ.

"ಹೌದಂತೆ."

"ಸಾವಿರ ಬಾಗಿಲು ಮುಗಿಯೋಕೆ ಇನ್ನು ಇಪ್ಪತ್ತಾರು ದಿನ ಇದೆ. ನಾಳೆ ಬೇಗ ಬಂದ್ರೆ ಕಣಜದ್ದೆಲ್ಲ ಹೋಗ್ತದೆ. ನೀನೇನು ಹೇಳ್ತೀಯ?"

ಅವಳು ರುಮಾಲಿನ ಅಂಚನ್ನು ಬೆರಳಿನಿಂದ ತಿದ್ದಿದಳು. "ನಾನೇನು ಹೇಳ್ಲಿ? ಮೂರು ತಿಂಗಳಿಂದ ನಾನು ಹೇಳಿದ್ದನ್ನೆಲ್ಲ ಅದು ಕೇಳಿದೆ. ನೀವು ಹೋಗಿ ಮಲಗಿ, ಬೆಳಿಗ್ಗೆ ಗುಡ್ಡ ಹತ್ತಬೇಕು."

ಮಾರನೆಯ ದಿನ ನಡುಹಗಲಿನವರೆಗೆ ನಾಲ್ಕು ಬಾಗಿಲು ಮುಗಿಸಿದೆ. ಐದನೆಯ ಬಾಗಿಲಿಗೆ ಗಿಂಡಿ ಎತ್ತಿದೆ, ಎಣ್ಣೆ ಬೀಳಲಿಲ್ಲ. ಗಿಂಡಿ ತುಂಬಿತ್ತು. ಕೈ ಬಗ್ಗಲಿಲ್ಲ. ನಾನು ಎಂಥ ಧೀರನೆಂದರೆ, ಮೇಸ್ತ್ರಿಯ ಬಳಿ ಹೋಗಿ, ನಿಂತು, ಗಂಟಲು ಸರಿಮಾಡಿಕೊಂಡು, ಮೆಲ್ಲಗೆ, "ಹೋಗ್ಲಾ?" ಎಂದೆ.

"ಎಲ್ಲಿಗೆ?"

"ಮನೆಗೆ. ನನ್ನ ಮಣೆ ಮೇಲೆ ಕುಂಬಳಕಾಯಿ ಕೂತಿದೆ."

ಮೇಸ್ತ್ರಿ ಮೀಸೆ ತಿರುವಿದ. "ಯಜಮಾನ್ರೇ, ಕಣಜದಲ್ಲಿ ನಿಮ್ಮದು ಎಷ್ಟಿದೆ ಗೊತ್ತಾ? ಒಂದು ಕೆಲಸ ಮಾಡಿ. ಇವತ್ತಿಂದ ಹದಿನೆಂಟು ಸೇರು. ಬಾಗಿಲಿಗೆ ಎಣ್ಣೆ ಬಿಡಿ."

ಹದಿನೆಂಟು! ಅಲ್ಲಿ ತಕ್ಕಡಿ ಇರಲಿಲ್ಲ. ಎರಡು ಕೈಗಳನ್ನೂ ಚಾಚಿ ನಿಂತೆ. ಬಲಗೈಯಲ್ಲಿ ಹದಿನೆಂಟು ಸೇರು ಇದೆಯೆಂದುಕೊಂಡೆ. ಎಡಗೈಯಲ್ಲಿ ಏನಿದೆಯೆಂದು ನೋಡಿದೆ. ನಿನ್ನೆ ರಾತ್ರಿ ಹೆಂಡತಿ, "ಮಲಗಿ" ಎಂದ ರೀತಿ ಅಲ್ಲಿ ಕೂತಿತ್ತು. ನೆಂಟರಿಗೆ ಹೇಳಿದ ಹಾಗಿತ್ತು ಅದು. ಎಡಗೈ ಎಷ್ಟು ಕೆಳಗೆ ಹೋಯಿತೆಂದರೆ ನಾನು ಆ ಕಡೆಗೇ ವಾಲಿ ಬಿದ್ದೆ. ಬಿದ್ದವನು ಎದ್ದ ಮೇಲೆ ನಿಲ್ಲಲಿಲ್ಲ, ಓಡಿದೆ.

"ಕಣಜದ್ದು ಕಣಜಕ್ಕೇ!" ಎಂದು ಮೇಸ್ತ್ರಿ ಹಿಂದಿನಿಂದ ಕೂಗಿದ.

ಆ ಓಟವನ್ನು ನೀವು ನೋಡಬೇಕಿತ್ತು. ಎಮ್ಮೆ ಹೊಂಡದಲ್ಲಿ ಮಲಗಹೊರಟಿತು. ಅದನ್ನು ಗಾಡಿಯಲ್ಲಿ ಕೂರಿಸಿ ನೊಗಕ್ಕೆ ನಾನೇ ಹೆಗಲು ಕೊಟ್ಟೆ. ಎಮ್ಮೆಗೆ ಎಷ್ಟು ಹಿತವಾಯಿತೆಂದರೆ ಇಳಿಯುವಾಗ ನನ್ನ ಕೆನ್ನೆ ನೆಕ್ಕಿತು. ಹರಿಗೋಲು ಬಲಕ್ಕೆ ಸುತ್ತಿದಾಗ ನಾನು ಒಳಗೇ ಎಡಕ್ಕೆ ಸುತ್ತಿದೆ, ಅದು ಗೊಂದಲಕ್ಕೆ ಬಿದ್ದು ನೇರವಾಗಿ ಹೋಯಿತು. ಗುಡ್ಡವನ್ನು ನಾನು ಇಳಿದ ವೇಗಕ್ಕೆ ನನ್ನ ನೆರಳು ಹಿಂದೆ ಉಳಿದು, ಮಾರನೆಯ ದಿನ ಬೆಳಿಗ್ಗೆ ಏದುಸಿರು ಬಿಡುತ್ತ ಬಂದು ಸೇರಿಕೊಂಡಿತು. ಇದರಲ್ಲಿ ಒಂದು ಮಾತೂ ಸುಳ್ಳಲ್ಲ, ಬೇಕಾದರೆ ಆ ಎಮ್ಮೆಯನ್ನು ಕೇಳಿ.

ಹೊಸಿಲು ದಾಟಿದಾಗ ಎರಡನೆಯ ಹೊಡೆತ ಆಗಿತ್ತು, ಎಲೆ ಹಾಕಿತ್ತು. ಕುಂಬಳ ಜರಿ ರುಮಾಲು ಸುತ್ತಿಕೊಂಡು ನನ್ನ ಮಣೆಯ ಮೇಲೆ ಕೂತಾಗಿತ್ತು. ಊರೆಲ್ಲ ಕಿಟಕಿಯಲ್ಲಿ ಜೋತುಬಿದ್ದಿತ್ತು. ಗಂಟೆಯಮ್ಮ ಜಾಗಟೆಯ ಮುಂದೆ ಕೋಲು ಎತ್ತಿ ನಿಂತಿದ್ದಳು.

"ನಿಲ್ಲಿಸಿ!" ಎಂದೆ. "ಬಂದಿದ್ದೀನಿ. ಇನ್ನೂ ಮೂರನೇದು ಹೊಡೆದಿಲ್ಲ!"

ಗಂಟೆಯಮ್ಮ ಎತ್ತಿದ ಕೋಲನ್ನು ಎತ್ತಿದ ಹಾಗೇ ಹಿಡಿದು ಯೋಚಿಸಿದಳು. "ಅದು ಮೊದಲು ಕೂತಿದೆ. ನೀನು ಮೊದಲು ಹುಟ್ಟಿದ್ದೀಯ. ಒಂದು ಮಣೆ, ಇಬ್ಬರು ಯಜಮಾನರು. ಮನೆಯವರು ಹೇಳ್ಲಿ. ಬೇಗ ಹೇಳಿ, ಕೈ ನೋಯ್ತದೆ."

ಅತ್ತೆ ಕುಂಬಳದ ಕಡೆ ನೋಡಿದರು, ನನ್ನ ಕಡೆ ನೋಡಿದರು. "ನನಗೇನೂ ಇಲ್ಲಮ್ಮ. ಆದ್ರೆ ಮಂಡಿನೋವಿನ ಕತೆ ಪೂರ್ತಿ ಕೇಳಿದ್ದು ಅದೊಂದೇ."

ಮಗಳು ತಲೆ ತಗ್ಗಿಸಿ, "ನಾನು ಹಾಡುವಾಗ ಅಪ್ಪ ಆಕಳಿಸ್ತಾರೆ. ಅದು ಆಕಳಿಸಲ್ಲ," ಎಂದಳು.

ಕಿಟಕಿಯಿಂದ ಬೇಲಿಯ ಜಗಳದವರು, "ಕುಂಬಳ! ಕುಂಬಳ!" ಎಂದು ಕೂಗಿದರು.

ನನ್ನ ಬಾಯಿಗೆ ಬಡಾಯಿ ಬರಲಿಲ್ಲ. ಹುಟ್ಟಿದ ಮೇಲೆ ಅದೊಂದೇ ಸಲ.

ಹೆಂಡತಿ ಸೌಟು ಹಿಡಿದು ಬಂದಳು. ಕುಂಬಳದ ಎಲೆಗೆ ಅನ್ನ ಹಾಕಿದಳು, ಸಾರು ಬಿಟ್ಟಳು. ಪಕ್ಕದಲ್ಲಿ ಬರಿ ನೆಲದ ಮೇಲೆ ಇನ್ನೊಂದು ಎಲೆ ಹಾಸಿ ಅಲ್ಲೂ ಅನ್ನ ಹಾಕಿದಳು, ಅದೇ ಸಾರು ಬಿಟ್ಟಳು. "ಮೊದಲು ಊಟ ಆಗ್ಲಿ," ಎಂದಳು.

ನೆಲದ ಮೇಲೆ ಕೂತೆ. ಮೂರು ತಿಂಗಳ ಮೇಲೆ ಬೆಳಕಿರುವಾಗ, ಎಚ್ಚರವಿರುವಾಗ, ಮಂಡಿ ಮಡಿಸಿ ಕೂತು ಒಂದು ತುತ್ತು ಕಲಸಿ ಬಾಯಿಗಿಟ್ಟೆ. ಇಟ್ಟವನಿಗೆ ಎಲ್ಲಿದ್ದೇನೆ, ಏನು ಪಣಕ್ಕಿದೆ, ಎಲ್ಲ ಮರೆತುಹೋಯಿತು.

"ಇದೇನೇ ಇದು! ಉಪ್ಪಿನ ಮೂಟೆಗೆ ಒಂದು ಚೂರು ಸಾರು ಹಾಕಿದ್ದೀಯಾ?"

ಅತ್ತೆ ಕಣ್ಣು ಮುಚ್ಚಿಕೊಂಡರು. ಕಿಟಕಿಯಲ್ಲಿದ್ದವರೆಲ್ಲ, ಮುಗಿಯಿತು ಇವನ ಕತೆ ಎಂದು ಲೊಚಗುಟ್ಟಿದರು. ಪಕ್ಕದಲ್ಲಿ ಕುಂಬಳ ಅದೇ ಸಾರಿನ ಮುಂದೆ, ಒಂದು ಮಾತೂ ಆಡದೆ, ದೊಡ್ಡ ಮನುಷ್ಯರ ಹಾಗೆ ಕೂತಿತ್ತು.

ಹೆಂಡತಿ ಸೌಟನ್ನು ಕೆಳಗಿಟ್ಟಳು.

"ಮೊದಲ ದಿನ ಒಂದು ಚಿಟಿಕೆ ಹೆಚ್ಚು ಹಾಕಿದೆ," ಎಂದಳು. "ಆ ಎಲೆಗೆ ಮಾತ್ರ. ಅದು ಏನೂ ಅನ್ನಲಿಲ್ಲ, ಸರಿ. ಅದನ್ನೇ ಅಡುಗೆಮನೆಯಲ್ಲಿ ತಿಂದ ನೀವೂ ಏನೂ ಅನ್ನಲಿಲ್ಲ. ಎರಡನೇ ದಿನ ಎರಡು ಚಿಟಿಕೆ ಹಾಕಿದೆ. ಮೂರನೇ ದಿನ ಮೂರು. ಯಾವಾಗ ಅಂತೀರೋ, ಯಾವಾಗ ಅಂತೀರೋ ಅಂತ ದಿನಾ ಒಂದು ಚಿಟಿಕೆ. ಇವತ್ತು ನೂರು." ಅವಳು ಉಪ್ಪಿನ ಭರಣಿಯನ್ನು ತಲೆಕೆಳಗು ಮಾಡಿ ತೋರಿಸಿದಳು. "ಎಷ್ಟು ಉಪ್ಪು ಖರ್ಚಾಯ್ತು ಗೊತ್ತೇನ್ರೀ, ನಿಮ್ಮ ಒಂದು ಬೈಗುಳಕ್ಕೆ?"

ಗಂಟೆಯಮ್ಮ ಕುಂಬಳದ ಕಡೆ ಬಗ್ಗಿ, ಬಹಳ ಗೌರವದಿಂದ ಕೇಳಿದಳು. "ಸ್ವಾಮಿ, ಸಾರು ಹೇಗಿದೆ?"

ಊರೆಲ್ಲ ಉಸಿರು ಹಿಡಿದು ಕಾಯಿತು. ಕುಂಬಳ ಯೋಚಿಸಿತು. ಕುಂಬಳ ಇನ್ನೂ ಯೋಚಿಸಿತು.

"ಇದಕ್ಕೆ ಉಪ್ಪು ಗೊತ್ತಾಗಲ್ಲ," ಎಂದಳು ಗಂಟೆಯಮ್ಮ. "ಎಬ್ಬಿಸಿ."

ನಾನೂ ಮಗಳೂ ಎರಡು ಕಡೆ ಹಿಡಿದು ಅದನ್ನು ಇಳಿಸಿದೆವು. ಭಾರವಾಗಿತ್ತು, ಪಾಪ, ಮೂರು ತಿಂಗಳ ಮನೆಮಾತನ್ನೆಲ್ಲ ಹೊತ್ತಿತ್ತಲ್ಲ. ನಾನು ಮಣೆಯ ಮೇಲೆ ಕೂತೆ. ಜಾಗಟೆ ಢಣ್ಣೆಂದಿತು.

"ಹಾಗಾದ್ರೆ ನಾಳೆಯಿಂದ?" ಎಂದು ಅತ್ತೆ ಕೇಳಿದರು. "ಮತ್ತೆ ನಲವತ್ತು ಬಾಗಿಲು, ನಾಲ್ಕು ಸೇರಾ?"

"ನಾಲ್ಕು ಸೇರು," ಎಂದೆ. "ಕೋಟೆಯ ಬಾಗಿಲು ಕಿರುಚಲಿ. ಅತ್ತೆ, ಅದಿರಲಿ, ಆ ಮಂಡಿನೋವು ಶುರುವಾದದ್ದು ಎಲ್ಲಿಂದ?"

ಅವರು ಹೇಳತೊಡಗಿದರು. ಸಾರು ನಿಜವಾಗಿಯೂ ಬಾಯಿಗಿಡುವ ಹಾಗಿರಲಿಲ್ಲ. ಎರಡು ಸಲ ಹಾಕಿಸಿಕೊಂಡೆ.